ಕಲ್ಲಿನ ಪಾಸ್‌ಬುಕ್

ಪುಟಾಣಿ ಗೆಳೆಯರೇ, ಅವರ ಪಕ್ಕದಲ್ಲಿ ಕನ್ನಡಕ ಒರೆಸಿಕೊಳ್ಳುತ್ತ ಕೂತಿರುವ ನನ್ನ ವಯಸ್ಸಿನ ಗೆಳೆಯರೇ,

ಈ ವಾರ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನೆಂದು ನಿಮಗೆಲ್ಲ ಗೊತ್ತು. ಆಗ ಕಂಪ್ಯೂಟರ್ ಇರಲಿಲ್ಲ. ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಯಿಂದಲೇ ಬರೆಯಬೇಕು. ಸಂಜೆ ಲೆಕ್ಕ ಕೂಡಿದಾಗ ಐದು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ತಪ್ಪು ಬರೆದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬಹುದಿತ್ತು. ಆದರೆ ಲೆಡ್ಜರಿನ ಹಾಳೆ ಹರಿಯುವುದು ಮಾತ್ರ ಮಹಾಪರಾಧ.

ಅಂಥ ಕಡೆ ಕೆಲಸ ಕಲಿತ ನಾನೇ ಒಂದು ಪುಸ್ತಕದ ಹಾಳೆ ಹರಿದುಕೊಂಡು ಬಂದಿದ್ದೆ. ಪುಸ್ತಕ ಕಾಗದದ್ದಲ್ಲ, ಕಲ್ಲಿನದು. ಅದು ಪುಸ್ತಕವೆಂದು ಗೊತ್ತಾಗಲು ನನಗೆ ನಾಲ್ಕು ದಶಕಕ್ಕಿಂತ ಹೆಚ್ಚು ಕಾಲ ಹಿಡಿಯಿತು.

1979ರಲ್ಲಿ ನನಗೆ ಹಿರಿಯೂರಿಗೆ ವರ್ಗವಾಗಿತ್ತು. ಒಂದು ಭಾನುವಾರ ನಾಲ್ಕು ಜನ ಸಹೋದ್ಯೋಗಿಗಳು ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಮಾರಿಕಣಿವೆಗೆ ಹೋದೆವು. ಎರಡು ಗುಡ್ಡಗಳ ನಡುವೆ ವೇದಾವತಿ ನದಿಯನ್ನು ಕಟ್ಟಿ ನಿಲ್ಲಿಸಿದ ವಾಣಿವಿಲಾಸ ಸಾಗರ ಅಲ್ಲಿದೆ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕೆಲಸ ಮುಗಿದ ಅಣೆಕಟ್ಟು. ಅಣೆಕಟ್ಟು ನೋಡಿ, ಗುಡ್ಡದ ಬದಿಯಲ್ಲಿ ಒಂದು ಬಂಡೆಯ ನೆರಳಿನಲ್ಲಿ ಕೂತು ಚಿತ್ರಾನ್ನ ತಿಂದೆವು. ಆ ಬಂಡೆಯ ಅಂಚಿನಲ್ಲಿ ಬೂದಿ ಬಣ್ಣದ, ಕಂದು ಬಣ್ಣದ ತೆಳು ಗೆರೆಗಳು ಒಂದರ ಮೇಲೊಂದು ಬಿಲ್ಲಿನಂತೆ ಬಾಗಿಕೊಂಡಿದ್ದವು. ನೋಡಲು ಬಹಳ ಚೆನ್ನಾಗಿತ್ತು. ನಾನು ಇನ್ನೊಂದು ಕಲ್ಲಿನಿಂದ ಬಡಿದು ಮುಷ್ಟಿ ಗಾತ್ರದ ಒಂದು ಚೂರು ಮುರಿದುಕೊಂಡೆ.

ಮರುದಿನದಿಂದ ಅದು ನನ್ನ ಕೌಂಟರಿನಲ್ಲಿ ಪೇಪರ್‌ವೇಟ್ ಆಯಿತು. ಫ್ಯಾನಿನ ಗಾಳಿಗೆ ವೋಚರು, ಚಲನ್ ಹಾರದಂತೆ ಕಾಯುವ ಕೆಲಸ. ಎಷ್ಟು ಊರಿಗೆ ವರ್ಗವಾದರೂ ಅದನ್ನು ಬಿಡಲಿಲ್ಲ. ನಿವೃತ್ತನಾದ ಮೇಲೆ ಮನೆಯ ಜಗಲಿಯಲ್ಲಿ ದಿನಪತ್ರಿಕೆಗಳ ಮೇಲೆ ಕೂತಿತು.

ಕಳೆದ ಬೇಸಿಗೆ ರಜೆಯಲ್ಲಿ ಬಂದ ಮೊಮ್ಮಗಳು ಪುಟ್ಟಿ ಅದನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು.

“ತಾತ, ಇದು ಚಿರೋಟಿ ಕಲ್ಲು. ಇಷ್ಟೊಂದು ಪದರ ಯಾರು ಮಾಡಿದ್ದು?”

“ಯಾರೂ ಮಾಡಿಲ್ಲ ಪುಟ್ಟಿ, ಕಲ್ಲು ಅಂದ್ರೆ ಹಾಗೇ ಇರುತ್ತೆ,” ಅಂದೆ. ಗೊತ್ತಿಲ್ಲದ್ದಕ್ಕೆ ದೊಡ್ಡವರು ಕೊಡುವ ಉತ್ತರ ಅದು. ಅವಳಿಗೆ ಸಮಾಧಾನವಾಗಲಿಲ್ಲ. ನಾನು ಬೆಳಿಗ್ಗೆ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಒಬ್ಬರು ಮಿತ್ರರಿದ್ದಾರೆ, ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತೇವೆ. ಮಾರನೆಯ ದಿನ ಪುಟ್ಟಿ ಕಲ್ಲನ್ನು ಚೀಲದಲ್ಲಿ ಹಾಕಿಕೊಂಡು ನನ್ನ ಜೊತೆ ಹೊರಟೇಬಿಟ್ಟಳು.

ಮೇಷ್ಟ್ರು ಜೇಬಿನಿಂದ ಪುಟ್ಟ ಭೂತಗನ್ನಡಿ ತೆಗೆದು ಕಲ್ಲನ್ನು ಸುಮಾರು ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು.

“ಎಲ್ಲಿ ಸಿಕ್ತು ಸ್ವಾಮಿ?”

“ಮಾರಿಕಣಿವೆಯಲ್ಲಿ.”

“ಮಾರಿಕಣಿವೆಯಲ್ಲಿ ಎಲ್ಲಿ? ಗುಡ್ಡದ ಯಾವ ಬದಿ? ಬಂಡೆಯಲ್ಲಿ ಇದರ ಯಾವ ಮುಖ ಮೇಲಕ್ಕಿತ್ತು?”

ನಾನು ತಲೆ ಕೆರೆದುಕೊಂಡೆ. ಬುತ್ತಿಯಲ್ಲಿ ಚಿತ್ರಾನ್ನ ಇತ್ತೆಂದು ನೆನಪಿದೆ, ಇದು ನೆನಪಿಲ್ಲ.

“ಪುಟ್ಟಿ ಕೇಳಿದ ಪ್ರಶ್ನೆ ಸರಿಯಾಗಿದೆ,” ಎಂದರು ಮೇಷ್ಟ್ರು. “ತೆಳ್ಳಗೆ ಕುಯ್ದು ಸೂಕ್ಷ್ಮದರ್ಶಕದಲ್ಲಿ ನೋಡದೆ ನಾನು ಬರೆದು ಕೊಡಲಾರೆ. ಆದರೆ ಲಕ್ಷಣಗಳೆಲ್ಲ ಇವೆ. ಇದನ್ನು ಯಾರೋ ಮಾಡಿದ್ದಾರೆ. ಜೀವ ಇದ್ದವರೇ ಮಾಡಿದ್ದಾರೆ.”

ಈ ಬಗೆಯ ಕಲ್ಲಿಗೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. 1908ರಲ್ಲಿ ಕಲ್ಕೋವ್ಸ್ಕಿ ಎಂಬ ಜರ್ಮನ್ ವಿದ್ವಾಂಸರು ಗ್ರೀಕ್ ಪದಗಳನ್ನು ಸೇರಿಸಿ ಇಟ್ಟ ಹೆಸರು. ಹಾಸು ಮತ್ತು ಕಲ್ಲು ಎಂದು ಅರ್ಥ. ಹಾಸುಗಲ್ಲು ಎಂದರೆ ನಮ್ಮಲ್ಲಿ ಅಂಗಳಕ್ಕೆ ಹಾಸುವ ಚಪ್ಪಡಿಯಾಗಿಬಿಡುತ್ತದೆ. ಆದ್ದರಿಂದ ನಾವು ಪದರಗಲ್ಲು ಎನ್ನೋಣ.

ಇದನ್ನು ಕಟ್ಟಿದವರು ಯಾರು? ನಲ್ಲಿ ಸೋರುವ ಕಡೆ ಕಲ್ಲಿನ ಮೇಲೆ ಹಸಿರು ಪಾಚಿ ಕಟ್ಟಿ ನಿಮ್ಮ ಅಜ್ಜಿ “ಜಾರುತ್ತೆ, ಹುಷಾರು!” ಎಂದು ಕೂಗುತ್ತಾರಲ್ಲ, ಅಂಥ ಕಡೆಯೂ ಇವರ ಸಂಬಂಧಿಕರು ಇರುತ್ತಾರೆ. ಸಯನೋಬ್ಯಾಕ್ಟೀರಿಯಾ ಎಂದು ಹೆಸರು. ಹಳೆಯ ಪಠ್ಯಪುಸ್ತಕಗಳಲ್ಲಿ ಇವರನ್ನು ನೀಲಿ-ಹಸಿರು ಪಾಚಿ ಎಂದು ಕರೆಯುತ್ತಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣವರು. ಬೇರಿಲ್ಲ, ಎಲೆಯಿಲ್ಲ, ಬಾಯಿಯೂ ಇಲ್ಲ. ಆದರೆ ಗಿಡಮರಗಳಂತೆ ಬಿಸಿಲು, ನೀರು, ಇಂಗಾಲದ ಡೈಆಕ್ಸೈಡ್ ಸೇರಿಸಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತಾರೆ.

ಆಳವಿಲ್ಲದ ಸಮುದ್ರದ ತಳದಲ್ಲಿ ಇವರು ಕೋಟ್ಯಂತರ ಸಂಖ್ಯೆಯಲ್ಲಿ ಒತ್ತಾಗಿ ಸೇರಿ ಅಂಟಂಟಾದ ಒಂದು ಚಾಪೆ ಹಾಸುತ್ತಾರೆ. ಅಲೆ ತಂದ ಸಣ್ಣ ಮರಳು, ಕೆಸರು ಅದಕ್ಕೆ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವೂ ಅಲ್ಲೇ ಗಟ್ಟಿಯಾಗುತ್ತದೆ. ಚಾಪೆ ಮುಚ್ಚಿಹೋದರೆ ಬೆಳಕು ಸಿಗುವುದಿಲ್ಲ. ಬೆಳಕಿಲ್ಲದಿದ್ದರೆ ಅಡುಗೆಯಿಲ್ಲ. ಆದ್ದರಿಂದ ಅವರು ಮೆಲ್ಲಗೆ ಮೇಲಕ್ಕೆ ಜರುಗಿ ಹೊಸ ಚಾಪೆ ಹಾಸುತ್ತಾರೆ. ಮತ್ತೆ ಕೆಸರು, ಮತ್ತೆ ಸುಣ್ಣ, ಮತ್ತೆ ಚಾಪೆ. ಹೀಗೆ ಪದರದ ಮೇಲೆ ಪದರ ಸೇರಿ ಇಡ್ಲಿಯಂತೆ ಉಬ್ಬಿದ ಗುಮ್ಮಟವೋ, ಆನೆಯ ಕಾಲಿನಂಥ ಕಂಬವೋ ಆಗುತ್ತದೆ. ಜೀವ ಇರುವುದು ತೀರ ಮೇಲಿನ ತೆಳು ಪದರದಲ್ಲಿ ಮಾತ್ರ. ಕೆಳಗಿರುವುದೆಲ್ಲ ಹಿಂದಿನವರು ಬಿಟ್ಟುಹೋದದ್ದು.

ನನಗೆ ಕೂಡಲೇ ನೆನಪಾದದ್ದು ನಮ್ಮ ಪಿಗ್ಮಿ ಠೇವಣಿ. ಅಜ್ಜ ಅಜ್ಜಿಯರೇ, ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಜೆ ಏಜೆಂಟರು ಅಂಗಡಿ ಅಂಗಡಿಗೆ ಬಂದು ಹೂ ಮಾರುವವರಿಂದ, ಕಡಲೆಕಾಯಿ ಗಾಡಿಯವರಿಂದ ಒಂದೋ ಎರಡೋ ರೂಪಾಯಿ ಕಟ್ಟಿಸಿಕೊಂಡು ಪುಸ್ತಕದಲ್ಲಿ ಬರೆದುಕೊಡುತ್ತಿದ್ದರು. ದಿನಕ್ಕೆ ನೋಡಿದರೆ ಏನೂ ಅಲ್ಲ. ಅದೇ ದುಡ್ಡಿನಲ್ಲಿ ಮಗಳ ಮದುವೆ ಮಾಡಿದವರನ್ನು ನಾನು ನನ್ನ ಕೌಂಟರಿನಲ್ಲೇ ನೋಡಿದ್ದೇನೆ.

ಈಗ ಕಾಲದ ಲೆಕ್ಕ. ಮಾರಿಕಣಿವೆಯ ಸುತ್ತಲಿನ ಪದರಗಲ್ಲುಗಳನ್ನು ಭೂವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ. ಶಿವಮೊಗ್ಗ ಜಿಲ್ಲೆಯ ಕುಂಸಿ, ತುಮಕೂರು ಜಿಲ್ಲೆಯ ದೊಡ್ಡಗುಣಿ ಕಡೆಯೂ ಇಂಥವು ಸಿಕ್ಕಿವೆ. ಅವುಗಳ ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು. ಅಂದರೆ ಇಂದಿನ ಚಿತ್ರದುರ್ಗ ಜಿಲ್ಲೆಯ ಈ ಒಣ ನೆಲ ಆಗ ಸಮುದ್ರದ ತಳ!

250 ಕೋಟಿ ಎಂದರೆ ಎಷ್ಟೆಂದು ಪುಟ್ಟಿಗೆ ಹೇಗೆ ಹೇಳುವುದು? ನೋಟು ಎಣಿಸಿದ ಕೈ ನನ್ನದು, ಎಣಿಕೆಯಲ್ಲೇ ಹೇಳಿದೆ. ಇವತ್ತಿನಿಂದ ಹಿಂದಕ್ಕೆ, ಒಂದು ಸೆಕೆಂಡಿಗೆ ಒಂದು ವರ್ಷದಂತೆ ಎಣಿಸುತ್ತ ಹೋಗೋಣ. ಊಟ ಇಲ್ಲ, ನಿದ್ದೆ ಇಲ್ಲ, ನಿಲ್ಲಿಸುವ ಹಾಗೂ ಇಲ್ಲ. ಒಂದು ನಿಮಿಷ ಮುಗಿಯುವಷ್ಟರಲ್ಲಿ ನಾನು ಹುಟ್ಟಿಯೇ ಇರುವುದಿಲ್ಲ ಎನ್ನುವುದಕ್ಕೆ ಹದಿನಾಲ್ಕು ಸೆಕೆಂಡು ಮಾತ್ರ ಬಾಕಿ, ಏಕೆಂದರೆ ನನಗೀಗ 74. ನಮ್ಮಂಥ ಮನುಷ್ಯರು ಭೂಮಿಗೆ ಬಂದು ಸುಮಾರು ಮೂರು ಲಕ್ಷ ವರ್ಷ. ಅಲ್ಲಿಗೆ ತಲುಪಲು ಮೂರೂವರೆ ದಿನ ಎಣಿಸಬೇಕು. ಡೈನೋಸಾರ್‌ಗಳು ಅಳಿದುಹೋದ ಕಾಲಕ್ಕೆ ತಲುಪಲು ಎರಡು ವರ್ಷದ ಮೇಲೆ ಸ್ವಲ್ಪ. ಇನ್ನು ಈ ಪದರಗಲ್ಲಿನ ಕಾಲ? 79 ವರ್ಷ! ನಾನು ಹುಟ್ಟಿದ ಗಳಿಗೆಯಿಂದ ಬಿಡದೆ ಎಣಿಸಿದ್ದರೂ ಇವತ್ತಿಗೆ ಇನ್ನೂ ಐದು ವರ್ಷದ ಎಣಿಕೆ ಬಾಕಿ ಇರುತ್ತಿತ್ತು.

“ಹಾಗಾದ್ರೆ ನಿಮಗಿಂತ ನಿಮ್ಮ ಪೇಪರ್‌ವೇಟೇ ದೊಡ್ಡೋರು, ನಮಸ್ಕಾರ ಮಾಡಿ,” ಎಂದಳು ಪುಟ್ಟಿ.

ಇಷ್ಟಕ್ಕೇ ಮುಗಿಯಲಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರ ಎಂಬಲ್ಲಿ ಸುಮಾರು 348 ಕೋಟಿ ವರ್ಷ ಹಳೆಯ ಪದರಗಲ್ಲುಗಳಿವೆ. ಭೂಮಿಯ ಮೇಲೆ ಜೀವ ಬಿಟ್ಟ ಗುರುತುಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಅವು ಸೇರುತ್ತವೆ.

ಈಗ ಬ್ಯಾಂಕಿನವನಿಗೆ ಇಷ್ಟವಾದ ಭಾಗ. ಸಯನೋಬ್ಯಾಕ್ಟೀರಿಯಾ ಬಿಸಿಲಿನಲ್ಲಿ ಅಡುಗೆ ಮಾಡುವಾಗ ಆಮ್ಲಜನಕವನ್ನು ಹೊರಗೆ ಬಿಡುತ್ತವೆ. ಬಹಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಎನ್ನಬಹುದು. ನೀವೋ ನಾನೋ ಅಲ್ಲಿಗೆ ಹೋಗಿದ್ದರೆ ಕೆಲವೇ ನಿಮಿಷದಲ್ಲಿ ಕಥೆ ಮುಗಿಯುತ್ತಿತ್ತು. ಈ ಸಣ್ಣ ಜೀವಿಗಳು ಗುಳ್ಳೆ ಗುಳ್ಳೆಯಾಗಿ ಆಮ್ಲಜನಕ ಬಿಡತೊಡಗಿದವು. ಆದರೆ ಅದು ಕೂಡಲೇ ಗಾಳಿಯಲ್ಲಿ ಜಮಾ ಆಗಲಿಲ್ಲ. ಏಕೆಂದರೆ ಹಳೆಯ ಸಾಲಗಾರರಿದ್ದರು! ಆಗಿನ ಸಮುದ್ರದಲ್ಲಿ ಕಬ್ಬಿಣ ಕರಗಿತ್ತು. ಆಮ್ಲಜನಕ ಸಿಕ್ಕಿದ ಕಬ್ಬಿಣ ತುಕ್ಕು ಹಿಡಿದು ತಳಕ್ಕೆ ಕೂರುತ್ತದೆ. ಜ್ವಾಲಾಮುಖಿಗಳಿಂದ ಬಂದ ಅನಿಲಗಳೂ ತಮ್ಮ ಪಾಲು ಕಿತ್ತುಕೊಂಡವು. ಸಂಬಳ ಬಂದ ದಿನವೇ ಸಾಲದ ಕಂತಿಗೆ ಹೋದ ಹಾಗೆ.

ನಮ್ಮ ಬಾಬಾಬುಡನ್‌ಗಿರಿ, ಸಂಡೂರು, ಕುದುರೆಮುಖಗಳಲ್ಲಿ ಪಟ್ಟೆ ಪಟ್ಟೆಯಾದ ಕಬ್ಬಿಣದ ಕಲ್ಲುಗಳಿವೆಯಲ್ಲ, ಅವೂ ಅಂಥ ಪುರಾತನ ಸಮುದ್ರದ ತಳದಲ್ಲಿ ಕೂತವೇ. ಆ ಕೆಲಸದಲ್ಲಿ ಸೂಕ್ಷ್ಮಜೀವಿಗಳ ಪಾಲು ಎಷ್ಟು ಎಂದು ಭೂವಿಜ್ಞಾನಿಗಳು ಇಂದಿಗೂ ವಾದ ಮಾಡುತ್ತಿದ್ದಾರೆ. ಕೊನೆಗೂ ಸುಮಾರು 240 ಕೋಟಿ ವರ್ಷಗಳ ಹಿಂದೆ ಸಾಲ ಕಳೆದು ಉಳಿತಾಯ ಶುರುವಾಯಿತು. ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿತು. ಅದರಿಂದಲೇ ಮೇಲೆ ಓಝೋನ್ ಪದರ ಹುಟ್ಟಿ ಸೂರ್ಯನ ಕೆಟ್ಟ ಕಿರಣಗಳನ್ನು ತಡೆಯಿತು. ಬಹಳ ಕಾಲದ ಮೇಲೆ ಗಿಡಮರಗಳು ಬಂದು ಅದೇ ಖಾತೆಗೆ ಇನ್ನಷ್ಟು ಕಟ್ಟಿದವು. ಇಂದು ಗಾಳಿಯಲ್ಲಿ ನೂರಕ್ಕೆ 21 ಪಾಲು ಆಮ್ಲಜನಕ. ಖಾತೆ ತೆರೆದವರು ಮಾತ್ರ ಇವರೇ. ನಾವು ಹುಟ್ಟಿದಾಗಿನಿಂದ ಬರೀ ಡ್ರಾ ಮಾಡುತ್ತಿರುವವರು.

“ಆ ಜೀವಿಗಳು ಈಗ ಕಲ್ಲು ಕಟ್ಟೋದನ್ನ ಬಿಟ್ಟುಬಿಟ್ಟವಾ?” ಎಂದು ಪುಟ್ಟಿ ಕೇಳಿದಳು.

ಬಿಟ್ಟಿಲ್ಲ. ಆದರೆ ನೋಡಬೇಕಾದರೆ ಮತ್ತೆ ಪಶ್ಚಿಮ ಆಸ್ಟ್ರೇಲಿಯಾಕ್ಕೇ ಹೋಗಬೇಕು ಎಂದರು ಮೇಷ್ಟ್ರು. ಅಲ್ಲಿನ ಶಾರ್ಕ್ ಬೇ ಎಂಬ ಕೊಲ್ಲಿಯಲ್ಲಿ ಹ್ಯಾಮೆಲಿನ್ ಪೂಲ್ ಎಂಬ ಜಾಗವಿದೆ. ಆಳವಿಲ್ಲದ ನೀರಿನಲ್ಲಿ ಕಪ್ಪು ಕಪ್ಪು ಗುಂಡುಕಲ್ಲುಗಳು ಸಾಲುಸಾಲಾಗಿ ನಿಂತಿವೆ. ನೋಡಿದವರು ಬರೀ ಬಂಡೆ ಎಂದುಕೊಳ್ಳಬೇಕು. ಪ್ರತಿಯೊಂದರ ನೆತ್ತಿಯ ಮೇಲೂ ಜೀವಂತ ಚಾಪೆಯಿದೆ. 1950ರ ದಶಕದಲ್ಲಿ ವಿಜ್ಞಾನಿಗಳು ಇವನ್ನು ಗುರುತಿಸಿದರು. ಅದಕ್ಕೂ ಮೊದಲು ಹಳೆಯ ಪದರಗಲ್ಲುಗಳನ್ನು ಜೀವಿಗಳು ಕಟ್ಟಿದವೋ, ಕೆಸರು ತಾನಾಗಿಯೇ ಹಾಗೆ ಕೂತಿತೋ ಎಂದು ದಶಕಗಳ ಕಾಲ ಜಗಳ ನಡೆದಿತ್ತು. ಕಟ್ಟುವವರೇ ಕೆಲಸದ ಮೇಲೆ ಸಿಕ್ಕಿಬಿದ್ದರೆ ಇನ್ನೇನು ಸಾಕ್ಷಿ ಬೇಕು! 1991ರಲ್ಲಿ ಶಾರ್ಕ್ ಬೇ ವಿಶ್ವ ಪರಂಪರೆಯ ತಾಣವೂ ಆಯಿತು.

ಒಂದು ಕಾಲದಲ್ಲಿ ಲೋಕದ ಎಷ್ಟೋ ಸಮುದ್ರತೀರಗಳಲ್ಲಿದ್ದವು ಈಗ ಕೆಲವೇ ಕಡೆ ಉಳಿದಿರುವುದೇಕೆ? ಮುಂದೆ ಬಸವನಹುಳುವಿನಂಥ ಪ್ರಾಣಿಗಳು ಹುಟ್ಟಿಕೊಂಡವು. ಅವಕ್ಕೆ ಈ ಅಂಟು ಚಾಪೆ ಹಸಿರು ಹುಲ್ಲುಗಾವಲು ಇದ್ದ ಹಾಗೆ, ಮೇಯ್ದುಬಿಟ್ಟವು. ಹ್ಯಾಮೆಲಿನ್ ಪೂಲ್‌ನ ನೀರು ಮಾತ್ರ ಸಾಮಾನ್ಯ ಸಮುದ್ರದ ನೀರಿನ ಸುಮಾರು ಎರಡರಷ್ಟು ಉಪ್ಪು. ಮೇಯುವ ಪ್ರಾಣಿಗಳಿಗೆ ಅಲ್ಲಿ ಬಾಳುವುದು ಕಷ್ಟ. ನಮ್ಮ ಅಜ್ಜಿಯರು ಉಪ್ಪು ಜಾಸ್ತಿ ಹಾಕಿ ಉಪ್ಪಿನಕಾಯಿ ಕಾಪಾಡುತ್ತಾರಲ್ಲ, ಹಾಗೆ ಆ ಉಪ್ಪು ಇವರನ್ನು ಕಾಪಾಡಿದೆ.

ಅವು ಬೆಳೆಯುವ ವೇಗ ಎಷ್ಟು ಗೊತ್ತೇ? ವರ್ಷಕ್ಕೆ ಹೆಚ್ಚೆಂದರೆ ಅರ್ಧ ಮಿಲಿಮೀಟರ್. ನಿಮ್ಮ ಉಗುರು ಒಂದು ವಾರದಲ್ಲಿ ಬೆಳೆಯುವಷ್ಟು ಬೆಳೆಯಲು ಅವಕ್ಕೆ ಒಂದು ವರ್ಷಕ್ಕಿಂತ ಹೆಚ್ಚು ಬೇಕು.

ಮೇಷ್ಟ್ರು ಆಮೇಲೆ ಹೇಳಿದ ಮಾತು ನನ್ನ ಎದೆಗೆ ತಾಗಿತು. ಹಿಂದೆ ಆ ತೀರದಲ್ಲಿ ಕುರಿಯ ಉಣ್ಣೆಯ ವ್ಯಾಪಾರ ಇತ್ತಂತೆ. ಉಣ್ಣೆಯ ಮೂಟೆಗಳನ್ನು ಒಂಟೆಗಾಡಿಗಳಲ್ಲಿ ಹೇರಿಕೊಂಡು ನೀರಿನ ಅಂಚಿಗೆ ತಂದು ದೋಣಿಗೆ ತುಂಬುತ್ತಿದ್ದರು. ಗಾಡಿಯ ಚಕ್ರ ಹರಿದದ್ದು ಈ ಜೀವಂತ ಚಾಪೆಗಳ ಮೇಲೆಯೇ. ಅವರಿಗೇನು ಗೊತ್ತು ಪಾಪ! ಗಾಡಿಗಳು ಹೋಗಿ ಎಷ್ಟೋ ದಶಕಗಳಾದವು. ಚಕ್ರದ ಜಾಡು ಮಾತ್ರ ಇಂದಿಗೂ ಹಾಗೇ ಕಾಣುತ್ತದೆ. ಗಾಯ ಮಾಡಲು ಒಂದು ಗಳಿಗೆ ಸಾಕಾಗಿತ್ತು.

ನಾನು ನನ್ನ ಕೈಯಲ್ಲಿದ್ದ ಕಲ್ಲನ್ನು ನೋಡಿಕೊಂಡೆ. ಅದರ ಒಂದು ಮಗ್ಗುಲಲ್ಲಿ ನಾನು ಬಡಿದ ಗುರುತು ಇನ್ನೂ ಇತ್ತು.

“ಆಸ್ಟ್ರೇಲಿಯಾದವು ಬದುಕಿವೆ, ಇದು ಯಾವಾಗಲೋ ಕಲ್ಲಾಗಿ ಹೋದದ್ದು. ಒಂದು ಚೂರು ಮುರಿದರೆ ಏನಾಯ್ತು ಮೇಷ್ಟ್ರೇ?” ಎಂದೆ. ನನ್ನ ಪರವಾಗಿ ನಾನೇ ವಕಾಲತ್ತು ವಹಿಸಿದೆ.

ಅವರು ಸಮಾಧಾನವಾಗಿಯೇ ಹೇಳಿದರು. “ಈ ಗೆರೆಗಳು ಬಾಗಿವೆ ನೋಡಿ. ಗುಮ್ಮಟ ಉಬ್ಬುವುದು ಮೇಲಕ್ಕೆ, ಬೆಳಕಿನ ಕಡೆಗೆ. ಕೋಟ್ಯಂತರ ವರ್ಷಗಳಲ್ಲಿ ನೆಲ ಮಡಿಚಿ, ವಾಲಿ, ಕೆಲವು ಕಡೆ ತಲೆಕೆಳಗಾಗಿಯೇ ಹೋಗಿರುತ್ತದೆ. ಆಗ ಮೊದಲು ಯಾವುದು ಮೇಲಿತ್ತು, ಯಾವ ಪದರ ಮೊದಲು ಬಂತು ಎಂದು ನಮಗೆ ತೋರಿಸುವುದು ಈ ಉಬ್ಬೇ. ಬಂಡೆಯಲ್ಲಿ ಇದ್ದಾಗ ಇದು ಸಾಕ್ಷಿ. ಮುರಿದು ತಂದ ಮೇಲೆ ಚೆಂದದ ಕಲ್ಲು, ಅಷ್ಟೆ.”

ಅಂದರೆ ಲೆಡ್ಜರಿನಿಂದ ಹರಿದ ಹಾಳೆ. ಅದರಲ್ಲಿ ಅಂಕಿಗಳೇನೋ ಇವೆ. ಯಾರ ಖಾತೆ, ಯಾವ ಪುಟ, ಹಿಂದಿನ ಬಾಕಿ ಎಷ್ಟು, ಒಂದೂ ತಿಳಿಯುವುದಿಲ್ಲ. ಸಾವಿರಾರು ವೋಚರುಗಳಿಗೆ ತಾರೀಖು ಹಾಕಿದ ನಾನು ಆ ದಿನ ಒಂದು ಚೀಟಿಯನ್ನೂ ಬರೆದಿಟ್ಟಿರಲಿಲ್ಲ.

“ವಾಪಸ್ ಇಟ್ಟು ಬರೋಣ ತಾತ,” ಎಂದಳು ಪುಟ್ಟಿ.

“ಎಲ್ಲಿ ಇಡ್ತೀಯಮ್ಮ? ಯಾವ ಬಂಡೆ ಅಂತ ತಾತನಿಗೇ ಗೊತ್ತಿಲ್ಲ,” ಎಂದರು ಮೇಷ್ಟ್ರು. “ತಪ್ಪು ಜಾಗದಲ್ಲಿ ಇಟ್ಟರೆ ಮುಂದೆ ಹುಡುಕುವವರಿಗೆ ಇನ್ನೂ ಗೊಂದಲ. ಗೊತ್ತಿರುವಷ್ಟನ್ನು ನಿಜವಾಗಿ ಬರೆದು ಕಾಲೇಜಿಗೆ ಕೊಡಿ. ಹುಡುಗರು ಕೈಯಲ್ಲಿ ಹಿಡಿದು ಕಲಿಯಲಿ.”

ಹಾಗೇ ಮಾಡಿದೆವು. ಪುಟ್ಟಿ ರಟ್ಟಿನ ಡಬ್ಬಿ ತಂದಳು. ನಾನು ಬಹಳ ದಿನದ ಮೇಲೆ ಇಂಕಿನ ಪೆನ್ನು ತೆಗೆದು ಒಂದು ಚೀಟಿ ಬರೆದೆ. ಸ್ಥಳ: ಮಾರಿಕಣಿವೆ, ಅಣೆಕಟ್ಟಿನ ಬಳಿಯ ಗುಡ್ಡ. ಕಾಲ: 1979. ಬಂಡೆಯಲ್ಲಿ ಮೇಲಿದ್ದ ಮುಖ: ಗುರುತು ಹಾಕಿಲ್ಲ. ಮುರಿದವರು: ನಾನು. ಕೆಳಗೆ ಸಹಿ ಹಾಕಿದೆ. ಬ್ಯಾಂಕಿನಲ್ಲಿ ತಪ್ಪಿನ ಪಕ್ಕದಲ್ಲಿ ಹಾಕುತ್ತಿದ್ದ ಅದೇ ಸಹಿ.

ಈಗ ಜಗಲಿಯ ಮೇಲೆ ಪತ್ರಿಕೆಗಳು ಗಾಳಿಗೆ ಹಾರುತ್ತವೆ. ನಮ್ಮ ಮನೆಯವರು ಗೊಣಗಿಕೊಂಡು ಅವುಗಳ ಮೇಲೆ ಅಡಕೊತ್ತು ಇಟ್ಟಿದ್ದಾರೆ.

ಮಕ್ಕಳೇ, ಪ್ರವಾಸ ಹೋದಾಗ ನಿಮಗೂ ಚೆಂದದ ಕಲ್ಲು ಕಾಣಬಹುದು. ರಾಜಸ್ಥಾನಕ್ಕೆ ಹೋದರೆ ಚಿತ್ತೋಡಗಢದ ಹತ್ತಿರದ ಭೋಜುಂದಾ, ಉದಯಪುರದ ಹತ್ತಿರದ ಝಾಮರ್‌ಕೋಟ್ರಾಗಳಲ್ಲಿ ಇಂಥ ಪದರಗಲ್ಲುಗಳನ್ನೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿ ಕಾಪಾಡಿದ್ದಾರೆ, ನೋಡಿ ಬನ್ನಿ. ಎಲ್ಲೇ ಆಗಲಿ, ಕಲ್ಲನ್ನು ಮುರಿಯಬೇಡಿ. ಅದರ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಕಲ್ಲಿನ ಅಳತೆ ತಿಳಿಯುತ್ತದೆ. ಊರು, ಜಾಗ, ತಾರೀಖು ಬರೆದಿಡಿ. ಬರುವಾಗ ನಾಣ್ಯ ಎತ್ತಿಕೊಳ್ಳುವುದನ್ನು ಮರೆಯಬೇಡಿ!

ಈ ವಾರದ ಲೆಕ್ಕ: ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ವರ್ಷಕ್ಕೆ ಅರ್ಧ ಮಿಲಿಮೀಟರ್ ಬೆಳೆಯುವ ಪದರಗಲ್ಲು ಈ ಎರಡು ಕೋಡಿಗಳ ನಡುವೆ ಎಷ್ಟು ಎತ್ತರ ಬೆಳೆದಿರುತ್ತದೆ? ಉತ್ತರ ಸಿಕ್ಕ ಮೇಲೆ ಸ್ಕೇಲಿನಲ್ಲಿ ಅಷ್ಟು ಅಳೆದು ಅಜ್ಜನಿಗೋ ಅಜ್ಜಿಗೋ ತೋರಿಸಿ. ಅಷ್ಟು ಕಾಲದಲ್ಲಿ ಮನೆಯಲ್ಲಿ ಏನೇನು ಆಯಿತೆಂದು ಅವರನ್ನು ಕೇಳಿ.

ಕಳೆದ ವಾರದ ಲೆಕ್ಕಕ್ಕೆ ಉತ್ತರ: ಅಜ್ಜಿಯ ಡಬ್ಬಿಯಲ್ಲಿ ಉಳಿದ ಚಕ್ಕುಲಿ 11.